ನಿಲ್ಲಿಸುವ ಗುಂಡಿ ಕಾಕಾರ ಕೈಯಲ್ಲಿತ್ತು

ಮನ್ನಾಏಖೇಳ್ಳಿಯಿಂದ ಬಸ್ಸು ಹಿಡಿದು ಹುಮನಾಬಾದಿನ ಆಸ್ಪತ್ರೆಗೆ ಬಂದು ಊಟದ ಡಬ್ಬಿಯನ್ನು ಇನ್ನೂ ಮೇಜಿನ ಮೇಲೆ ಇಟ್ಟಿರಲಿಲ್ಲ, ಡಾಕ್ಟರು ಕರೆಯುತ್ತಿದ್ದಾರೆಂದು ಆಯಾ ಬಂದಳು. ನಮ್ಮಲ್ಲಿ ಡಾಕ್ಟರು ನನ್ನನ್ನು ಕರೆಸಿದರೆಂದರೆ ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡಿದೆ ಎಂದೇ ಅರ್ಥ. ಕಂಪ್ಯೂಟರಿಗೆ ಸಂಬಂಧಿಸಿದ ಎಲ್ಲ ಪಾಪಗಳಿಗೂ ನಾನೇ ಹೊಣೆ. ಗೊಣಗುತ್ತಲೇ ಹೋದೆ.

ಪ್ರಿಂಟರ್ ಸರಿಯಾಗಿಯೇ ಇತ್ತು. ಡಾಕ್ಟರ ಮುಂದಿನ ಪರದೆ ಎರಡು ಭಾಗವಾಗಿತ್ತು. ಎಡಗಡೆ ಅವತ್ತು ಬೆಳಿಗ್ಗೆ ತೆಗೆದ ಎದೆಯ ಸ್ಕ್ಯಾನ್. ಬಲಗಡೆ ಅದೇ ಹೆಂಗಸಿನ ಆರು ವಾರದ ಹಿಂದಿನ ಸ್ಕ್ಯಾನ್ ಬರಬೇಕಿತ್ತು. ಅಲ್ಲಿ ಬರೀ ಕಪ್ಪು ಚೌಕ, ನಡುವೆ ಫೈಲ್ ಓದಲಾಗುತ್ತಿಲ್ಲ ಎಂಬ ಒಂದು ಸಾಲು.

ಹೊರಗೆ ಬೆಂಚಿನ ಮೇಲೆ ಆಕೆ ಗಂಡನ ಜೊತೆ ಕೂತಿದ್ದಳು. ರಾಜೇಶ್ವರದವರು, ಇಬ್ಬರೂ ಹೊಲದ ಕೂಲಿಗೆ ಹೋಗುವವರು. ಬಿಡದ ಕೆಮ್ಮಿಗೆಂದು ನಮ್ಮ ಬಸವಕಲ್ಯಾಣದ ಶಾಖೆಗೆ ಹೋಗಿದ್ದರು, ಅಲ್ಲಿಂದ ಸ್ಕ್ಯಾನಿಗೆ ಇಲ್ಲಿಗೆ ಕಳಿಸಿದ್ದರು. ಪುಪ್ಪುಸದಲ್ಲಿ ಒಂದು ಕಲೆ ಕಂಡಿತ್ತು. ಆರು ವಾರ ಔಷಧಿ ಕೊಟ್ಟು ಮತ್ತೆ ನೋಡೋಣ ಎಂದಿದ್ದರು ಡಾಕ್ಟರು. ಕಲೆ ಸಣ್ಣದಾಗಿದ್ದರೆ ಔಷಧಿ ಹತ್ತಿದೆ, ಅದನ್ನೇ ಮುಂದುವರಿಸಿದರಾಯಿತು. ಆಗದಿದ್ದರೆ ಸೋಲಾಪುರಕ್ಕೆ ಹೋಗಿ ಎದೆಯೊಳಗೆ ಸೂಜಿ ಹಾಕಿಸಿ ತುಣುಕು ತೆಗೆಸಬೇಕು. ಹಾಗಾಗಿ ಎರಡು ಚಿತ್ರ ಪಕ್ಕಪಕ್ಕಕ್ಕೆ ಬೇಕೇ ಬೇಕು.

ಹಳೆಯ ವರದಿಯ ಕಾಗದ ಇತ್ತು. ಅದರಲ್ಲಿ ಸಣ್ಣ ಕಲೆ ಎಂದಷ್ಟೇ ಬರೆದಿತ್ತು, ಅಳತೆ ಇರಲಿಲ್ಲ. ಬರೆದವರು ಬೇರೆ ಊರಲ್ಲಿ ಕೂತು ನಮ್ಮ ಸರ್ವರಿನಲ್ಲೇ ಚಿತ್ರ ನೋಡಿ ಬರೆಯುವವರು, ಅವರ ಬಳಿ ಪ್ರತಿ ಇಲ್ಲ. ಸ್ಕ್ಯಾನ್ ಯಂತ್ರ ತನ್ನೊಳಗೆ ಹಳೆಯದನ್ನು ಹೆಚ್ಚು ದಿನ ಇಟ್ಟುಕೊಳ್ಳುವುದಿಲ್ಲ. ಫಿಲ್ಮನ್ನು ಕೇಳಿದವರಿಗೆ ಮಾತ್ರ ಕೊಡುತ್ತೇವೆ. ಇವರು ಕೇಳಿರಲಿಲ್ಲ. ದವಾಖಾನಿಯೊಳಗ ಇರ್ತದಲ್ಲ, ನಮ್ಮ ಮನಿಯಾಗ ಯಾಕ ಎಂದಿದ್ದನಂತೆ ಗಂಡ.

"ಸಣ್ಣದು ಅಂದ್ರ ಎಷ್ಟು ಸಣ್ಣದ್ರಿ?" ಎಂದರು ಡಾಕ್ಟರು. "ಜ್ವಾಳದ ಕಾಳೋ, ಕಡ್ಲಿ ಕಾಳೋ? ಅದನ್ನ ನೋಡ್ಲಾರ್ದ ನಾ ಏನೂ ಹೇಳಂಗಿಲ್ಲ. ತಗದು ಕೊಡ್ರಿ."

ಅರ್ಧ ತಾಸಿನ ಕೆಲಸ ಎಂದು ಧೈರ್ಯವಾಗಿಯೇ ಹೇಳಿ ಬಂದೆ.

ಹಾಗೆ ಹೇಳಲು ಕಾರಣ ಇತ್ತು. ನಮ್ಮಲ್ಲಿ ಇರುವುದು ಒಂದೇ ದೊಡ್ಡ ಸರ್ವರ್. ಅದರೊಳಗೆ ನಾಲ್ಕಾರು ವರ್ಚುವಲ್ ಮಷೀನ್‌ಗಳು: ಒಂದೇ ವಾಡೆಯಲ್ಲಿ ನಾಲ್ಕಾರು ಸಂಸಾರ ಬೇರೆ ಬೇರೆ ಒಲೆ ಹೂಡಿದ ಹಾಗೆ. ಒಂದರಲ್ಲಿ ಲ್ಯಾಬು, ಒಂದರಲ್ಲಿ ಔಷಧಿ ಅಂಗಡಿ, ಒಂದರಲ್ಲಿ ಸ್ಕ್ಯಾನಿನ ಚಿತ್ರಗಳು. ಪ್ರತಿಯೊಂದಕ್ಕೂ ದಿನವೂ ಬ್ಯಾಕಪ್ ಆಗುತ್ತದೆ: ತಿಂಗಳಿಗೊಮ್ಮೆ ಪೂರ್ತಿ ಪ್ರತಿ, ಅದರ ಮೇಲೆ ದಿನಕ್ಕೊಂದು ತುಂಡು, ಅಂದರೆ ಆ ದಿನ ಬದಲಾದದ್ದು ಮಾತ್ರ. ಇವನ್ನೆಲ್ಲ ನೋಡಿಕೊಳ್ಳುವುದು ಬ್ರೌಸರಿನಲ್ಲಿ ತೆರೆಯುವ ಒಂದು ಪುಟದಿಂದ. ಬೇಕಾದ ತಾರೀಖು ಆರಿಸಿ ಮರಳಿಸು ಎಂದು ಒತ್ತಿದರೆ ಆ ದಿನದ ಮಷೀನ್ ಎದ್ದು ಕೂರುತ್ತದೆ.

ಆ ಪುಟದಲ್ಲಿ ಮೂರು ದರ್ಜೆ. ವ್ಯೂವರ್ ಎಂದರೆ ನೋಡಬಹುದು, ಮುಟ್ಟುವಂತಿಲ್ಲ. ಆಪರೇಟರ್ ಎಂದರೆ ಬ್ಯಾಕಪ್ ನಡೆಸಬಹುದು, ಮರಳಿಸಬಹುದು. ಅಡ್ಮಿನ್ ಎಂದರೆ ನಿಯಮ ಬದಲಿಸಬಹುದು, ಅಳಿಸಬಹುದು, ನಡೆಯುತ್ತಿರುವ ಕೆಲಸವನ್ನು ನಿಲ್ಲಿಸಬಹುದು. ಹಾಕಿಸಿದ ದಿನ ನಾನು ಅಡ್ಮಿನ್ ಆಗಿದ್ದೆ. ಬಸವಕಲ್ಯಾಣ ಶಾಖೆಯ ಸಿಸ್ಟರಿಗೆ ವ್ಯೂವರ್ ಕೊಟ್ಟಿದ್ದೆ, ಕಾಕಾ ಅವರಿಗೂ ವ್ಯೂವರ್ ಕೊಟ್ಟಿದ್ದೆ.

ಕಾಕಾ ಎಂದರೆ ನಮ್ಮ ವ್ಯವಸ್ಥಾಪಕರು. ಈ ಆಸ್ಪತ್ರೆಯ ಗೋಡೆಗೆ ನೀರು ಹೊಡೆಸಿದವರು, ಇದರ ದೇಣಿಗೆಗಾಗಿ ಊರೂರು ತಿರುಗಿದವರು. ಹೊಸ ಯಂತ್ರ ಯಾವುದೇ ಬರಲಿ, ಮೊದಲ ಸ್ವಿಚ್ ಅವರ ಕೈಯಿಂದಲೇ ಬೀಳಬೇಕು. ಹಿರಿಯರ ಕೈ ಹತ್ತಿದರೆ ಕೆಲಸ ಸುಗಮ ಎಂದು ಎಲ್ಲರ ನಂಬಿಕೆ. ಪರದೆಯಲ್ಲಿ ಮೇಲೆ ನನ್ನ ಹೆಸರು, ಕೆಳಗೆ ಅವರ ಹೆಸರು ಕಂಡ ದಿನ ಅವರು ಚಹಾ ಬೇಡ ಎಂದರು, ಅಷ್ಟೆ. ಸಂಜೆಯೊಳಗೆ ಡಾಕ್ಟರೇ ನನ್ನನ್ನು ಕರೆದು, ಹಿರಿಯ ಮನುಷ್ಯನನ್ನು ಕೆಳಗೆ ಕೂಡಿಸಬೇಡ ಎಂದು ಮೆಲ್ಲಗೆ ಹೇಳಿದರು. ಹೀಗೆ ಕಾಕಾ ಅಡ್ಮಿನ್ ಆದರು, ನಾನು ಆಪರೇಟರ್ ಆದೆ. ಅಡ್ಮಿನ್ ಒಬ್ಬರೇ ಇರಬೇಕೆಂದು ಸಾಫ್ಟ್‌ವೇರ್ ಹಾಕಿಕೊಟ್ಟವರು ತಾಕೀತು ಮಾಡಿದ್ದರು. ಅಡ್ಮಿನ್ ಆಗಿ ಒಳಗೆ ಹೋಗಲು ಪಾಸ್‌ವರ್ಡ್ ಬೇಕು, ಮೇಲೆ ಕಾಕಾರ ಮೊಬೈಲಿಗೆ ಬರುವ ಕೋಡ್ ಬೇಕು.

ತೊಂದರೆ ಏನೂ ಆಗಿರಲಿಲ್ಲ ಎನ್ನಿ. ನಿಯಮ ಬದಲಿಸಬೇಕಾದಾಗ ಲ್ಯಾಪ್‌ಟಾಪ್ ಹೊತ್ತು ಅವರ ಕೋಣೆಗೆ ಹೋಗುತ್ತಿದ್ದೆ. ಎಲ್ಲಾ ತಯಾರು ಮಾಡಿ ಮುಂದಿಟ್ಟರೆ, ಅವರು ಕನ್ನಡಕ ಏರಿಸಿ, "ಒತ್ತಲೇನವ್ವ?" ಎಂದು ಕೇಳಿ, ತೆಂಗಿನಕಾಯಿ ಒಡೆಯುವಷ್ಟೇ ಭಕ್ತಿಯಿಂದ ಒಂದು ಸಲ ಒತ್ತುತ್ತಿದ್ದರು. ನನಗೆ ಒಳಗೊಳಗೇ ನಗು ಬರುತ್ತಿತ್ತು. ಅವರ ಮೇಲೆ ಪ್ರೀತಿಯೂ ಇತ್ತು.

ಅವತ್ತು ಹಿಂದಿನ ದಿನದ ಪ್ರತಿಯನ್ನು ಪಕ್ಕದಲ್ಲಿ ಮರಳಿಸಿ ಆಕೆಯ ಹೆಸರು ಹುಡುಕಿದೆ. ಅದೇ ಕಪ್ಪು ಚೌಕ. ಅದರ ಹಿಂದಿನ ದಿನದ್ದು ತೆಗೆದೆ, ಅದೂ ಹಾಗೇ. ಕರೆಂಟು ಹೋಗಿಬಂದು ಹೋಗಿಬಂದು ಡಿಸ್ಕು ಯಾವಾಗಲೋ ಪೆಟ್ಟು ತಿಂದಿತ್ತು. ಹೊಸ ಚಿತ್ರಗಳು ಸರಿಯಾಗಿ ಕೂರುತ್ತಿದ್ದವು, ಹಳೆಯವು ಒಳಗೇ ಕೆಟ್ಟಿದ್ದವು. ಕೆಟ್ಟದ್ದನ್ನೇ ನಮ್ಮ ಬ್ಯಾಕಪ್ ದಿನವೂ ನಿಷ್ಠೆಯಿಂದ ನಕಲು ಮಾಡಿತ್ತು. ಹಿರಿಯಕ್ಕನ ಚಾಳಿ ಮನೆಮಂದಿಗೆಲ್ಲ. ಪುಟದಲ್ಲಿ ಮಾತ್ರ ಎಲ್ಲ ದಿನಗಳ ಮುಂದೆಯೂ ಹಸಿರು ಗುರುತು ನಗುತ್ತಿತ್ತು.

ಹಾಗಾದರೆ ಕೆಡುವ ಮೊದಲಿನದಕ್ಕೆ ಹೋಗಬೇಕು. ಪಟ್ಟಿಯನ್ನು ಕೆಳಗೆ ಸರಿಸಿದೆ. ಒಂದು ವಾರದ್ದು ಇತ್ತು, ಅಷ್ಟೆ. ಅದರ ಹಿಂದಿನದೇನೂ ಇಲ್ಲ. ಕಳೆದ ತಿಂಗಳ ಪೂರ್ತಿ ಪ್ರತಿ, ಅದರ ಮೇಲಿನ ತುಂಡುಗಳು ಎಲ್ಲ ಎಲ್ಲಿ ಹೋದವು? ಎರಡು ತಿಂಗಳದ್ದು ಇಡು ಎಂದಿದ್ದ ನಿಯಮ ಈಗ ಒಂದು ವಾರದ್ದು ಇಡು ಎಂದಾಗಿತ್ತು. ಬದಲಿಸಿದ್ದು ಅಡ್ಮಿನ್.

ನಾನು ಅತ್ತೆಯ ಕಣ್ಣಿನ ಆಪರೇಷನ್ನಿಗೆಂದು ರಜೆ ಹಾಕಿದ್ದ ದಿನಗಳು ಅವು. ಜಾಗ ತುಂಬುತ್ತಿದೆ ಎಂದು ಪುಟದ ಮೇಲೆ ಕೆಂಪು ಪಟ್ಟಿ ಬಂದಿರಬೇಕು. ಕೆಂಪು ಕಂಡರೆ ಕಾಕಾಗೆ ತಡೆಯದು. ಹಬ್ಬದ ಮುಂದೆ ಅಟ್ಟ ಖಾಲಿ ಮಾಡಿಸುವ ಮನುಷ್ಯ. ಹಳೆಯದು ಹೊರಗೆ ಹಾಕಿದರೆ ಹೊಸದಕ್ಕೆ ಜಾಗವಾಗುತ್ತದೆ ಎಂಬ ಲೆಕ್ಕ. ನನ್ನ ರಜೆ ಕೆಡಿಸಬಾರದೆಂದು ಕೇಳಿಯೂ ಇಲ್ಲ, ಒಬ್ಬರೇ ಕೂತು ಒತ್ತಿದ್ದಾರೆ. ಅವರು ಕೆಟ್ಟದ್ದು ಮಾಡಲು ಹೋದವರಲ್ಲ ಎಂದು ಗೊತ್ತಿದ್ದರೂ ನನಗೆ ಉರಿದುಹೋಯಿತು. ಖಾಲಿ ಕೋಣೆಯಲ್ಲಿ ಜೋರಾಗಿಯೇ ಬೈದೆ.

ಇನ್ನೊಂದು ದಾರಿ ಇತ್ತು. ಎಲ್ಲ ಬ್ಯಾಕಪ್‌ಗಳ ಎರಡನೆಯ ಪ್ರತಿ ಬಸವಕಲ್ಯಾಣ ಶಾಖೆಯ ಸ್ಟೋರ್ ರೂಮಿನಲ್ಲಿ ನೆಟ್‌ವರ್ಕಿಗೆ ಹಚ್ಚಿದ ಡಿಸ್ಕಿನ ಒಂದು ಡಬ್ಬಿಯಲ್ಲಿ ಕೂರುತ್ತದೆ. ಅಲ್ಲಿ ವೈರಿಂಗ್ ದುರಸ್ತಿ ನಡೆದು ಆ ಡಬ್ಬಿ ಹದಿನೈದು ದಿನ ಬಂದ್ ಆಗಿತ್ತು. ಬಂದ್ ಆಗಿದ್ದರಿಂದಲೇ ಹೊಸ ನಿಯಮ ಅದಕ್ಕೆ ತಲುಪಿರಲಿಲ್ಲ, ಹಳೆಯದೆಲ್ಲ ಹಾಗೇ ಇತ್ತು. ಆದರೆ ಅವತ್ತೇ ಬೆಳಿಗ್ಗೆ ಅದನ್ನು ಚಾಲೂ ಮಾಡಿದ್ದರು, ನಿಯಮವೂ ಹೋಗಿ ಕೂತಿತ್ತು. ಅಳಿಸುವ ಕೆಲಸ ಮಧ್ಯಾಹ್ನ ಊಟದ ಹೊತ್ತಿಗೆ ನಿಗದಿ. ಅಲ್ಲಿಂದ ನಿಧಾನದ ಲೈನಿನಲ್ಲಿ ಮರಳಿಸಿ ತರಲು ಇಡೀ ದಿನ ಬೇಕು, ಮೊದಲು ಅಳಿಸುವುದು ನಿಲ್ಲಬೇಕು. ನನ್ನ ಪುಟದಲ್ಲಿ ಅದರ ಮುಂದೆ ನಿಲ್ಲಿಸು ಎಂಬ ಗುಂಡಿ ಇತ್ತು, ಬೂದು ಬಣ್ಣದಲ್ಲಿ. ಒತ್ತಿ ನೋಡಿದೆ. ನಿಮಗೆ ಅನುಮತಿ ಇಲ್ಲ ಎಂದಿತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವುದು ಇದಕ್ಕೇ.

ಕಾಕಾ ಅವತ್ತು ಬಂದಿರಲಿಲ್ಲ. ಮಕ್ಕಳಿಲ್ಲದ ಅವರ ಅಣ್ಣ ತೀರಿಕೊಂಡಿದ್ದರು, ಮಾಣಿಕನಗರದಲ್ಲಿ ಹತ್ತನೇ ದಿನದ ಕಾರ್ಯ. ಫೋನ್ ಸ್ವಿಚ್ ಆಫ್. ಡಾಕ್ಟರಿಗೆ ಹೇಳಿದೆ. ಕಾರ್ಯದಲ್ಲಿ ಕೂತವರನ್ನು ಎಬ್ಬಿಸುವುದು ಸರಿಯಲ್ಲ, ಮುಗಿದ ಮೇಲೆ ಕೇಳು ಎಂದರು. ಊಟದ ಹೊತ್ತಿನೊಳಗೆ ಮುಗಿದೀತು ಎಂದು ನನಗೂ ಅನ್ನಿಸಿತು. ಆಟೋ ಹತ್ತಿದೆ.

ಹಳ್ಳದ ದಂಡೆಯಲ್ಲಿ ಮಂದಿ ದೂರ ದೂರ ನಿಂತಿದ್ದರು. ಕಾಕಾ ಬರಿಮೈಯಲ್ಲಿ, ಬೋಳಿಸಿದ ತಲೆಯಲ್ಲಿ ಕೈಮುಗಿದು ಕೂತಿದ್ದರು. ಮುಂದೆ ಪಿಂಡ ಇಟ್ಟಾಗಿತ್ತು. ಕಾಗೆ ಬಂದು ಮುಟ್ಟುವ ತನಕ ಯಾರೂ ಏಳುವಂತಿಲ್ಲ, ಮಾತಾಡುವಂತಿಲ್ಲ. ಕಾಗೆಗಳು ಬೇವಿನ ಮರದ ಮೇಲೆ ಕೂತಿದ್ದವು. ಇಳಿಯುತ್ತಿರಲಿಲ್ಲ.

ಕಾಕಾರ ಮಗನಿಗೆ ಪಿಸುದನಿಯಲ್ಲಿ ವಿಷಯ ಹೇಳಿದೆ. ಕೋಡ್ ಬರುವ ಫೋನ್ ಅವನ ಜೇಬಿನಲ್ಲೇ ಇತ್ತು. ಪಾಸ್‌ವರ್ಡ್ ಅಪ್ಪನ ತಲೆಯಲ್ಲಿತ್ತು. ಅವನು ನನ್ನನ್ನೇ ನೋಡಿ, "ದೊಡ್ಡಪ್ಪನ ಜೀವ ಎದರಾಗ ಸಿಕ್ಕೊಂಡದೋ ಗೊತ್ತಿಲ್ಲರಿ. ಕಾಗಿ ಮುಟ್ಟಲಿ, ಆಮ್ಯಾಗ ಕೇಳ್ರಿ ಅಕ್ಕಾ," ಎಂದ. ಮಂದಿ ಸತ್ತವರ ಬಯಕೆಗಳನ್ನು ಒಂದೊಂದಾಗಿ ನೆನೆಸಿ, ನೆರವೇರಿಸುತ್ತೇವೆ ಎಂದು ಮನಸ್ಸಿನಲ್ಲೇ ಮಾತು ಕೊಡುತ್ತಿದ್ದರು. ನಾನೂ ನಿಂತೆ. ನಾನೂ ಮರವನ್ನೇ ನೋಡತೊಡಗಿದೆ.

ಸುಮ್ಮನೆ ನಿಲ್ಲಲಾಗದೆ ಸ್ವಲ್ಪ ಆಚೆ ಹೋಗಿ ಬಸವಕಲ್ಯಾಣದ ಸಿಸ್ಟರಿಗೆ ಫೋನ್ ಹಚ್ಚಿದೆ. ಪುಟ ತೆರೆದು ಏನು ಕಾಣುತ್ತದೆ ಹೇಳು ಎಂದೆ. ಅವಳು ನೋಡುವ ದರ್ಜೆಯವಳು, ನೋಡಿ ಹೇಳಿದಳು.

"ಅಕ್ಕಾ, ಅಳಿಸಾಕತ್ತದ್ರಿ. ಅರ್ಧಕ್ಕಿಂತ ಮುಂದ ಹೋಗ್ಯಾದ."

ಊಟದ ಹೊತ್ತು ಇನ್ನೂ ದೂರ ಇತ್ತು. ಆಮೇಲೆ ತಿಳಿದದ್ದು ಇಷ್ಟು: ಡಬ್ಬಿ ಬಂದ್ ಆಗಿದ್ದ ದಿನಗಳಲ್ಲಿ ತಪ್ಪಿಹೋದ ಕೆಲಸವನ್ನು ಅದು ಚಾಲೂ ಆದ ಮೇಲೆ ತಾನಾಗಿಯೇ ಹಿಡಿಯುತ್ತದೆ, ನಿಗದಿಯ ಹೊತ್ತಿಗೆ ಕಾಯುವುದಿಲ್ಲ. ಅಳಿಸುವುದೂ ಹಳೆಯದರಿಂದ ಹೊಸದಕ್ಕಲ್ಲ. ಒಂದು ತುಂಡು ಅದರ ಹಿಂದಿನದರ ಮೇಲೆ ನಿಂತಿರುವುದರಿಂದ ಕೊನೆಯ ದಿನದ ತುಂಡಿನಿಂದ ಶುರುವಾಗಿ, ಪೂರ್ತಿ ಪ್ರತಿ ಎಲ್ಲಕ್ಕಿಂತ ಕೊನೆಗೆ ಹೋಗುತ್ತದೆ. ಆಕೆಯ ಸ್ಕ್ಯಾನ್ ಎಲ್ಲೋ ನಡುವಿನ ತುಂಡಿನಲ್ಲಿತ್ತು.

ಸರಿಯಾದ ದಾರಿ ನಿಲ್ಲಿಸುವ ಗುಂಡಿ. ಅದು ಹಳ್ಳದ ದಂಡೆಯಲ್ಲಿ ಕೈಮುಗಿದು ಕೂತಿತ್ತು. ಇನ್ನೊಂದು ದಾರಿ ಡಬ್ಬಿಯ ಕರೆಂಟ್ ಕಿತ್ತುಹಾಕುವುದು. ಅಳಿಸುತ್ತಿರುವಾಗ ಕಿತ್ತರೆ ಉಳಿದದ್ದೂ ಕಲಸಿಹೋಗಿ ಏನೂ ಓದಲಾಗದೆ ಹೋಗಬಹುದು. ಹಾಗೆ ಹೋದದ್ದನ್ನು ನಾನು ಕಂಡಿದ್ದೇನೆ. ಕಾಕಾರ ಕಡೆಗೆ ಎರಡು ಹೆಜ್ಜೆ ಹಾಕಿದೆ. ಅವರ ಭುಜ ಮುಟ್ಟಿದ್ದರೆ ಸಾಕಾಗಿತ್ತು. ಬೆನ್ನಿನ ಮೇಲೆ ಬಿಸಿಲು ಬಿದ್ದಿತ್ತು, ಬೆನ್ನು ಅಳುವಿಗೆ ಅಲುಗುತ್ತಿತ್ತು. ನನ್ನ ಕೈ ಏಳಲಿಲ್ಲ. ಕಾಗೆ ಈಗ ಬಂದೀತು, ಇನ್ನೊಂದು ಗಳಿಗೆಗೆ ಬಂದೀತು ಎಂದು ನಿಂತೆ. ಎಷ್ಟು ಹೊತ್ತು ನಿಂತೆನೋ ಹೇಳಲಾರೆ. ಬಹಳ ಹೊತ್ತಲ್ಲ, ಆದರೆ ನಿಂತದ್ದು ನಿಜ.

ಕೊನೆಗೆ ಮತ್ತೆ ಫೋನ್ ಹಚ್ಚಿ, ಸ್ಟೋರ್ ರೂಮಿಗೆ ಹೋಗಿ ಡಬ್ಬಿಯ ವೈರ್ ಕಿತ್ತುಬಿಡು ಎಂದೆ. ಸಿಸ್ಟರ್ ಹೆದರಿದಳು. ಆ ಕೋಣೆಯಲ್ಲಿ ಏನನ್ನೂ ಮುಟ್ಟಬಾರದೆಂದು ಕಾಕಾ ಹೇಳಿದ್ದರು, ನಾನೂ ಹೇಳಿದ್ದೆ.

"ಕಾಕಾ ಹೂಂ ಅಂದಾರೇನ್ರಿ?" ಎಂದು ಕೇಳಿದಳು.

"ಇಲ್ಲ. ನಾ ಹೇಳಾಕತ್ತೀನಿ. ಜಿಮ್ಮೇದಾರಿ ನಂದು. ಕೀಳು."

ಕಿತ್ತಳು. ಆಟೋದವನು ನನ್ನನ್ನು ಬಸ್ ನಿಲ್ದಾಣಕ್ಕೆ ಬಿಡುವ ಹೊತ್ತಿಗೆ ಕಾಕಾರ ಮಗನ ಫೋನ್ ಬಂತು. ಕಾಗೆ ಮುಟ್ಟಿತಂತೆ, ಬರಬಹುದಂತೆ. ಇನ್ನು ಬೇಡ ಎಂದೆ. ಅವನಿಗೆ ಅದು ಸೆಡವಾಗಿ ಕೇಳಿಸಿರಬೇಕು, ಕೇಳಿಸಲಿ ಎಂದೇ ಹೇಳಿದ್ದೆ.

ಬಸವಕಲ್ಯಾಣದ ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ ಕೂತೆ. ದಾರಿಯಲ್ಲಿ ರಾಜೇಶ್ವರ ಬಂತು. ಇಳಿಯುವವರು ಇಳಿದರು, ಹತ್ತುವವರು ಹತ್ತಿದರು. ಆಕೆ ಮತ್ತು ಗಂಡ ಹುಮನಾಬಾದಿನ ಬೆಂಚಿನ ಮೇಲೆ ಇನ್ನೂ ಕಾಯುತ್ತಿರಬಹುದು ಎಂದು ನೆನಪಾಗಿ ಡಾಕ್ಟರಿಗೆ ಫೋನ್ ಮಾಡಿ, ಅವರನ್ನು ಕಳಿಸಿಬಿಡಿ, ಎರಡು ದಿನ ಬಿಟ್ಟು ಬರಲಿ ಎಂದೆ.

ಡಬ್ಬಿಯನ್ನು ಶಾಖೆಯ ಮೇಜಿನ ಮೇಲೆ ತಂದಿಟ್ಟು, ನೆಟ್‌ವರ್ಕಿಗೆ ಹಚ್ಚದೆ, ಅದರ ಡಿಸ್ಕನ್ನು ಓದಲು ಮಾತ್ರ ಆಗುವಂತೆ ಲ್ಯಾಪ್‌ಟಾಪಿಗೆ ಜೋಡಿಸಿದೆ. ಅದರ ಮೇಲೆ ಏನೂ ಬರೆಯಬಾರದು, ಒಂದು ಅಕ್ಷರ ಬರೆದರೂ ಹೋದದ್ದು ಇನ್ನೂ ದೂರ ಹೋಗುತ್ತದೆ. ಮೊದಲು ಇಡೀ ಡಿಸ್ಕಿನ ನಕಲು ತೆಗೆದೆ. ಅದೇ ದಿನದ ಉಳಿದ ಹೊತ್ತನ್ನು ತಿಂದಿತು. ಮರುದಿನ ನಕಲಿನ ಮೇಲೆ ಕೆಲಸ ಮಾಡಿದೆ. ಪೂರ್ತಿ ಪ್ರತಿ ಗಟ್ಟಿಯಾಗಿತ್ತು. ಅದರ ಮೇಲಿನ ತುಂಡುಗಳನ್ನು ಒಂದೊಂದಾಗಿ ಕೂಡಿಸಿದೆ. ಮೊದಲಿನವು ಕೂಡಿದವು. ಆಮೇಲೆ ಒಂದು ಮುರುಕು ತುಂಡು, ಅದರ ನಂತರ ಏನೂ ಇಲ್ಲ.

ಮಷೀನ್ ಎದ್ದಿತು. ಸಾವಿರಾರು ಚಿತ್ರಗಳು ಬಂದವು, ವರ್ಷಗಳ ಚಿತ್ರಗಳು. ಸಿಸ್ಟರ್ ಖುಷಿಯಿಂದ ಚಹಾ ತರಿಸಿದಳು. ಡಾಕ್ಟರು ಫೋನಿನಲ್ಲೇ ಶಹಬ್ಬಾಸ್ ಎಂದರು. ನಾನು ಆಕೆಯ ಹೆಸರು ಹೊಡೆದೆ. ಇರಲಿಲ್ಲ. ತಾರೀಖಿನಿಂದ ಹುಡುಕಿದೆ. ಆಕೆಯ ಸ್ಕ್ಯಾನ್ ಆದದ್ದು ಆ ಮುರುಕು ತುಂಡಿನ ದಿನ. ಅವತ್ತಿನ ಬೆಳಗಿನ ಒಬ್ಬಿಬ್ಬರ ಚಿತ್ರ ಸಿಕ್ಕಿತು, ಅವಳದು ಸಿಗಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಹಳ್ಳದ ದಂಡೆಯಲ್ಲಿ ನಾನು ಮರ ನೋಡುತ್ತ ನಿಂತ ಹೊತ್ತಿನಲ್ಲಿ ಆ ತುಂಡು ಹೋಗಿರಬಹುದು, ಹೋಗದೆಯೂ ಇರಬಹುದು. ಅದು ಯಾವ ಪುಟದಲ್ಲೂ ಸಿಗುವುದಿಲ್ಲ. ಚಹಾ ಆರಿಹೋಯಿತು.

ಮಾರನೆಯ ದಿನ ಹುಮನಾಬಾದಿನಲ್ಲಿ ಕಾಕಾ ಬೋಳುತಲೆಗೆ ಟವೆಲ್ ಸುತ್ತಿಕೊಂಡು ನನ್ನ ಕೋಣೆಗೆ ಬಂದರು. ಅವರೇ ನನ್ನ ಕೋಣೆಗೆ ಬಂದದ್ದು ಅದೇ ಮೊದಲು. ಮಗ ಹೇಳಿದ್ದ, ಡಾಕ್ಟರೂ ಹೇಳಿದ್ದರು. ನಾನು ಎದ್ದು ನಿಲ್ಲಲಿಲ್ಲ. ಸಿಟ್ಟು ಇನ್ನೂ ಇಳಿದಿರಲಿಲ್ಲ. ಅವರು ಸಮಜಾಯಿಷಿ ಕೊಡಲಿಲ್ಲ, ಜಾಗ ತುಂಬಿತ್ತು ಎಂದೂ ಅನ್ನಲಿಲ್ಲ. ಕುರ್ಚಿ ಎಳೆದು ಕೂತು, ಪಾಸ್‌ವರ್ಡ್ ಹೊಡೆದು, ಕೋಡ್ ಹಾಕಿ, ತಮ್ಮ ಹೆಸರಿನ ಸಾಲು ಎಲ್ಲಿದೆ ತೋರಿಸು ಎಂದರು. ಮೊದಲು ನನ್ನ ಹೆಸರಿನ ಮುಂದೆ ಅಡ್ಮಿನ್ ಆರಿಸಿದರು, ಆಮೇಲೆ ತಮ್ಮ ಹೆಸರಿನ ಮುಂದೆ ವ್ಯೂವರ್.

"ಒತ್ತಲೇನವ್ವ?" ಎಂದರು.

ಒತ್ತಿರಿ ಎಂದೆ. ಕನ್ನಡಕ ಏರಿಸಿ ಒಂದು ಸಲ ಒತ್ತಿದರು. ನನಗೆ ಆಗ ಅವರ ಮೇಲಿನ ಸಿಟ್ಟು ಹೋಯಿತು, ಬೇರೆ ಏನೋ ಸಂಕಟ ಬಂದು ಕೂತಿತು.

ಹೊತ್ತೇರಿದ ಮೇಲೆ ಗಂಡ ಹೆಂಡತಿ ಬಂದರು. ಡಾಕ್ಟರು ಸೋಲಾಪುರದ ಚೀಟಿ ಬರೆದಿಟ್ಟಿದ್ದರು. ಹಳೆಯದು ಸಿಗದೆ ಬೇರೇನೂ ಹೇಳಲಾರೆ ಎಂದರು. ಕಾರಣ ತಿಳಿಸುವ ಕೆಲಸ ನನ್ನದಾಯಿತು. ಕಂಪ್ಯೂಟರ್ ಕೆಟ್ಟಿತ್ತು ಎಂದು ಶುರು ಮಾಡಿದೆ. ಬಾಗಿಲಲ್ಲಿ ನಿಂತಿದ್ದ ಕಾಕಾ ನನ್ನ ಮಾತು ತಡೆದರು.

"ಕಂಪ್ಯೂಟರ್ ಅಲ್ಲಪಾ. ನಾ ಅಳಿಸೀನಿ. ಹಳೇದು ಬ್ಯಾಡ ಅಂತ ತಿಳದು ಅಳಿಸಿಬಿಟ್ಟೆ. ತಪ್ಪು ನಂದು."

ಗಂಡ ಗಡಬಡಿಸಿ ಎದ್ದುನಿಂತ. ಅವರ ಬೋಳುತಲೆ ನೋಡಿದ, ಕಾಲಿಗೆ ಬಾಗಿದ. "ಇರ್ಲಿ ಬಿಡ್ರಿ ಕಾಕಾ. ಮನಿಯಾಗ ಸೂತಕ ಇದ್ದಂಗ ಅದ, ನೀವ್ಯಾಕ ಇಷ್ಟು ಹಚ್ಕೋತೀರಿ. ಹಿರ್ಯಾರ ಕೈಲಿಂದ ಆಗ್ಯಾದ, ತಪ್ಪ ಹ್ಯಾಂಗ ಆಗ್ತದ," ಎಂದ. ನಮ್ಮೆಲ್ಲರನ್ನೂ ಇಲ್ಲಿಗೆ ತಂದು ನಿಲ್ಲಿಸಿದ ಮಾತೇ ಅದು. ಅವನು ಅದನ್ನು ಎಷ್ಟು ಒಳ್ಳೆಯ ಮನಸ್ಸಿನಿಂದ ಹೇಳಿದನೆಂದರೆ ನನಗೆ ಚೀರಬೇಕೆನ್ನಿಸಿತು.

ಹೆಂಡತಿ ಎದ್ದಿರಲಿಲ್ಲ. ಕೆಮ್ಮು ಬಂತು, ಸೆರಗು ಬಾಯಿಗೆ ಹಿಡಿದು ಮುಗಿಸಿದಳು. ಕಾಕಾರನ್ನೂ ನೋಡಲಿಲ್ಲ, ಗಂಡನನ್ನೂ ನೋಡಲಿಲ್ಲ. ನನ್ನನ್ನು ನೋಡಿದಳು. ಹೆಬ್ಬೆರಳನ್ನು ಕಿರುಬೆರಳಿನ ಉಗುರಿನ ಮೇಲಿಟ್ಟು ಅಳತೆ ತೋರಿಸಿದಳು.

"ಅಕ್ಕಾ, ನೀವರ ಆಗ ನೋಡಿದ್ರೇನ್ರಿ ಅದನ್ನ? ಇಷ್ಟ ಇತ್ತೋ, ಇದಕ್ಕಿಂತ ಸಣ್ಣದಿತ್ತೋ?"

ಇಷ್ಟು ವರ್ಷ ಆ ಚಿತ್ರಗಳನ್ನು ಕಾದವಳು ನಾನು. ಅವುಗಳಲ್ಲಿ ಒಂದನ್ನೂ ತೆರೆದು ನೋಡಿದವಳಲ್ಲ.

ಇಲ್ಲವ್ವ, ನಾ ನೋಡಿಲ್ಲ ಎಂದೆ. ಆಕೆ ಬೆರಳನ್ನು ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡಿದ್ದಳು.